ಮಾದಾಪುರದ ಇಳಿಜಾರಿನಲ್ಲೊಂದು ಮಣ್ಣಿನ ಮನೆ: ಎಲ್ಲಿ ಖರ್ಚು ಮಾಡಿದರು, ಎಲ್ಲಿ ಉಳಿಸಿದರು

ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳು ಲೆಕ್ಕ ನೋಡಿಕೊಳ್ಳುವ ಗುಮಾಸ್ತ, ಆಗಿರುವವರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಕೆಲಸ ಇರುವ ತನಕ ತೋಟದ ಕ್ವಾರ್ಟರ್ಸ್ ಇರುತ್ತದೆ. ರಿಟೈರ್ ಆದಮೇಲೆ ಅದನ್ನು ಬಿಟ್ಟುಕೊಡಬೇಕು. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಕುಟುಂಬ ಕಟ್ಟಿಕೊಂಡ ಮನೆಯ ಬಗ್ಗೆ. ಗಂಡ ತೋಟದಲ್ಲಿ ರೈಟರ್, ಹೆಂಡತಿ ಅಂಗನವಾಡಿ ಕಾರ್ಯಕರ್ತೆ, ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ಊರಲ್ಲಿ ಎಲ್ಲರೂ ಅವರನ್ನು ರೈಟ್ರಣ್ಣ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ. ಅವರ ಹೆಂಡತಿ ನನಗೆ ಅಕ್ಕ. ಸಿವಿಲ್ ಡಿಪ್ಲೊಮಾ ಮಾಡಿ ಕುಶಾಲನಗರದ ಸುತ್ತಮುತ್ತ ಮನೆ ಕೆಲಸ ನೋಡಿಕೊಳ್ಳುವ ನಾನು ಈ ಕೆಲಸದ ಉಸ್ತುವಾರಿ ಹೊತ್ತಿದ್ದೆ.

ಅವರ ಕೈಯಲ್ಲಿದ್ದದ್ದು ಕೊಡಗಿನ ಮಾದಾಪುರದ ಹತ್ತಿರ 12 ಸೆಂಟು ಜಾಗ. ಪೂರ್ತಿ ಇಳಿಜಾರು. ಪಿಎಫ್, ಗ್ರಾಚ್ಯುಟಿ, ಅಕ್ಕನ ಸ್ವಸಹಾಯ ಸಂಘದ ಸಾಲ ಎಲ್ಲ ಸೇರಿದರೂ 10 ಲಕ್ಷ ದಾಟುವಂತಿರಲಿಲ್ಲ. 680 ಚದರ ಅಡಿಯ ಮನೆಗೆ ಒಬ್ಬ ಗುತ್ತಿಗೆದಾರರು ಹೇಳಿದ್ದು 15 ಲಕ್ಷ. ಕಾಂಕ್ರೀಟ್ ಬ್ಲಾಕಿನ ಗೋಡೆ, ಮೇಲೆ ಆರ್‌ಸಿಸಿ, ಸೈಟ್ ಮಟ್ಟ ಮಾಡುವ ಜೆಸಿಬಿ ಖರ್ಚು ಬೇರೆ. ರೈಟ್ರಣ್ಣ ಬಂದು ಕೇಳಿದ್ದು ಒಂದೇ ಮಾತು: ‘ಮಣ್ಣಲ್ಲಿ ಕಟ್ಟಿದ್ರೆ ಅರ್ಧಕ್ಕರ್ಧ ಉಳಿಯುತ್ತಂತೆ, ಹೌದಾ?’

ಅರ್ಧ ಉಳಿಯಲಿಲ್ಲ. ಮನೆ ಮುಗಿದಾಗ ಹತ್ತಿರ ಹತ್ತಿರ 9.5 ಲಕ್ಷ ಆಗಿತ್ತು. ಉಳಿದದ್ದು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಆದರೆ ಆ ಉಳಿತಾಯ ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿ ನೋಡಬೇಕು. ಮಣ್ಣಿನ ಗೋಡೆಯಿಂದ ಬಂದದ್ದು ಅದರಲ್ಲಿ ಸಣ್ಣ ಪಾಲು. ಕೊಡಗಿನಲ್ಲಿ ಕಡಿಮೆ ಖರ್ಚಿನ ಮನೆ ಕಟ್ಟಬೇಕೆಂದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಗೋಡೆಯ ಮಾತೇ ಆಡುತ್ತಾರೆ. ಇಲ್ಲಿ ಮನೆಯನ್ನು ಉಳಿಸುವುದೂ ಕೆಡಿಸುವುದೂ ಮಳೆ ನೀರು. ನೀರು ಮನೆಗೆ ತಾಗುವ ಕಡೆಯೆಲ್ಲ ಧಾರಾಳವಾಗಿ ಖರ್ಚು ಮಾಡಿ, ಉಳಿದ ಕಡೆ ಕೈ ಬಿಗಿ ಹಿಡಿಯಬೇಕು. ಈ ಮನೆಯಲ್ಲಿ ಮಾಡಿದ್ದು ಅದನ್ನೇ.

ಜಾಗ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳು ಇಳಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮುಂದಿನ ವರ್ಷ ತೋರದಲ್ಲಿ, ಅದರ ಮುಂದಿನ ವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಕುಸಿತ ಆಯಿತು. ಆ ದೊಡ್ಡ ಕುಸಿತಗಳಿಗೆ ಮನೆ ಕಟ್ಟುವವರು ಮಾಡಬಹುದಾದದ್ದು ಕಡಿಮೆ. ಅಂಥ ಜಾಗದಿಂದ ದೂರ ಇರುವುದು ಒಂದೇ ದಾರಿ. ಆದರೆ ಪ್ರತಿ ಮಳೆಗಾಲದಲ್ಲೂ ಪೇಪರಿನಲ್ಲಿ ಬರುವ ‘ಮನೆ ಹಿಂದಿನ ಬರೆ ಕುಸಿತ’ ಬೇರೆ ತರಹದ್ದು. ಅಂಥ ಬರೆಯನ್ನು, ಅಂದರೆ ನೆಟ್ಟಗೆ ನಿಂತ ಮಣ್ಣಿನ ದಿಬ್ಬವನ್ನು, ಎಷ್ಟೋ ಸಲ ನಾವೇ ಮಾಡಿರುತ್ತೇವೆ. ಇಳಿಜಾರನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ, ಅರ್ಧ ಮನೆಯನ್ನು ಗಟ್ಟಿ ನೆಲದ ಮೇಲೆ, ಅರ್ಧವನ್ನು ತುಂಬಿದ ಮಣ್ಣಿನ ಮೇಲೆ ನಿಲ್ಲಿಸುತ್ತೇವೆ. ತುಂಬಿದ ಮಣ್ಣು ಇಳಿಯುತ್ತದೆ, ಗೋಡೆ ಬಿರಿಯುತ್ತದೆ. ಹಿಂದಿನ ಬರೆ ನೀರು ಕುಡಿದು ಕುಡಿದು ಒಂದು ದಿನ ಅಡುಗೆಮನೆಗೆ ಬರುತ್ತದೆ.

ಅದಕ್ಕೇ ಇಲ್ಲಿ ಮೊದಲು ತೀರ್ಮಾನ ಆದದ್ದು ಮನೆಯ ಆಕಾರ. ಇಳಿಜಾರಿಗೆ ಅಡ್ಡಲಾಗಿ ಉದ್ದಕ್ಕೆ ಕಟ್ಟುವುದು: 34 ಅಡಿ ಉದ್ದ, 20 ಅಡಿ ಅಗಲ, ಜಗಲಿಯೂ ಸೇರಿ. ಅಗಲ ಕಡಿಮೆ ಆದಷ್ಟೂ ಗುಡ್ಡ ಕಡಿಯುವುದು ಕಡಿಮೆ. ನೆಲವೂ ಎರಡು ಮಟ್ಟ: ಅಡುಗೆಮನೆ ಮತ್ತು ಮಲಗುವ ಕೋಣೆ ಮೇಲೆ, ನಡುಮನೆ ಮತ್ತು ಜಗಲಿ ಎರಡು ಮೆಟ್ಟಿಲು ಕೆಳಗೆ. ಜೆಸಿಬಿ ತರಿಸಲೇ ಇಲ್ಲ. ಅಡಿಪಾಯ ತೋಡಿದ ಮಣ್ಣನ್ನು ಎರಡು ರಾಶಿ ಮಾಡಿಸಿದೆವು. ಮೇಲಿನ ಕಪ್ಪು ಮಣ್ಣು ತರಕಾರಿ ಪಾತಿಗೆ, ಅದರ ಕೆಳಗಿನ ಕೆಂಪು ಮಣ್ಣು ಗೋಡೆಗೆ.

ಮನೆಯ ಮೇಲ್ಬದಿಯಲ್ಲಿ, ಗೋಡೆಯಿಂದ ಸಾಕಷ್ಟು ದೂರದಲ್ಲಿ ಒಂದು ಚರಂಡಿ. ಕಲ್ಲು ಕಟ್ಟಿ, ತಳಕ್ಕೆ ಕಾಂಕ್ರೀಟ್ ಹಾಕಿದ್ದು. ಗುಡ್ಡದಿಂದ ಇಳಿದು ಬರುವ ನೀರನ್ನು ಅದು ಹಿಡಿದು ಪಕ್ಕದ ತೋಡಿಗೆ ಸೇರಿಸುತ್ತದೆ. ಚರಂಡಿಯ ಮೇಲಿನ ಇಳಿಜಾರಿಗೆ ಲಾವಂಚ ನೆಟ್ಟರು. ಅದರ ಬೇರು ಅಕ್ಕಪಕ್ಕಕ್ಕೆ ಹರಡದೆ ನೇರ ಕೆಳಕ್ಕೆ ಇಳಿಯುತ್ತದೆ, ಮಣ್ಣನ್ನು ಬಿಗಿ ಹಿಡಿಯುತ್ತದೆ. ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ: ‘ಮನೆಯೇ ಎದ್ದಿಲ್ಲ, ಚರಂಡಿಗೆ ಇಷ್ಟು ದುಡ್ಡಾ?’ ಅಡಿಪಾಯ, ಪಂಚಾಂಗ (ಅಡಿಪಾಯದ ಮೇಲೆ, ಗೋಡೆಯ ಕೆಳಗೆ ಎತ್ತುವ ಕಲ್ಲಿನ ಕಟ್ಟು), ಚರಂಡಿ ಸೇರಿ 2.4 ಲಕ್ಷ ಆಯಿತು. ಇಡೀ ಮನೆಯಲ್ಲಿ ಅತಿ ದೊಡ್ಡ ಖರ್ಚು ಅದೇ. ಅದರಲ್ಲಿ ಒಂದು ರೂಪಾಯಿ ಕಡಿಮೆ ಮಾಡುವುದಕ್ಕೂ ನಾನು ಒಪ್ಪಲಿಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕೃಷಿ ಜಾಗ ಮನೆ ಕಟ್ಟಲು ಕನ್ವರ್ಷನ್ ಆಗಿ, ಪಂಚಾಯಿತಿಯ ಆಸ್ತಿ ದಾಖಲೆಗಳಾದ ಫಾರಂ 9 ಮತ್ತು 11 ಕೈಗೆ ಬಂದಿದ್ದರಿಂದ ಪಂಚಾಯಿತಿ ಲೈಸೆನ್ಸಿಗೆ ತೊಂದರೆ ಆಗಲಿಲ್ಲ. ಜಾಗಕ್ಕೆ ಇವು ಇಲ್ಲದಿದ್ದರೆ ಮಣ್ಣಿನ ಮನೆಯಾದರೂ ಒಂದೇ, ಕಾಂಕ್ರೀಟ್ ಮನೆಯಾದರೂ ಒಂದೇ, ತೊಂದರೆ ತಪ್ಪಿದ್ದಲ್ಲ. ಸಾಲಕ್ಕೆ ಮಾತ್ರ ಒಂದು ಬ್ಯಾಂಕಿನವರು ಮಣ್ಣಿನ ಗೋಡೆ ಎಂದು ಕೇಳಿದ ಕೂಡಲೇ ಬೇಡ ಅಂದರು. ಅದಕ್ಕೇ ಸಂಘದ ಸಾಲ.

ಹಳೆ ಮನೆಯೊಂದು ಸಿಕ್ಕಿತು

ಸಾಮಾನ್ಯವಾಗಿ ಪ್ಲಾನ್ ಬರೆದು ಆಮೇಲೆ ಸಾಮಾನು ಹುಡುಕುತ್ತೇವೆ. ಹಳೆ ಸಾಮಾನಿನಲ್ಲಿ ಕಟ್ಟುವಾಗ ಇದು ತಿರುಗಬೇಕು. ಸಿಕ್ಕಿದ ಬಾಗಿಲು ಎಷ್ಟು ಎತ್ತರ, ಸಿಕ್ಕಿದ ಪಕಾಸು (ಹೆಂಚಿನ ಭಾರ ಹೊರುವ ಇಳಿಜಾರು ಮರ) ಎಷ್ಟು ಉದ್ದ ಎಂದು ಗೊತ್ತಾದ ಮೇಲೆ ಕೋಣೆಯ ಅಳತೆ ಬರೆಯಬೇಕು. ತಿರುವನಂತಪುರದಲ್ಲಿ ನೆಲೆಸಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದ ಲಾರಿ ಬೇಕರ್ (1917–2007) ಕೂಡ ಕೆಡವಿದ ಮನೆಗಳ ಬಾಗಿಲು, ಕಿಟಕಿಗಳನ್ನು ತಂದು ಹೊಸ ಕಟ್ಟಡಗಳಿಗೆ ಬಳಸುತ್ತಿದ್ದರು.

ರೈಟ್ರಣ್ಣನ ಪರಿಚಯದವರೊಬ್ಬರು ಸುಂಟಿಕೊಪ್ಪದ ಕಡೆ ತಮ್ಮ ಹಳೆಯ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುತ್ತಿದ್ದರು. ಕೊಡಗಿನಲ್ಲಿ ಇದು ಈಗ ಎಲ್ಲ ಕಡೆ ನಡೆಯುತ್ತಿದೆ. ಗುಜರಿಯವರು ಬಂದು ಒಟ್ಟಿಗೆ ಇಷ್ಟು ಅಂತ ರೇಟು ಮಾತಾಡಿ ಹೊತ್ತುಕೊಂಡು ಹೋಗುತ್ತಾರೆ. ನಾವು ಅದಕ್ಕಿಂತ ಸ್ವಲ್ಪ ಮೇಲೆ ಕೊಟ್ಟು, ಒಂದು ಷರತ್ತು ಹಾಕಿದೆವು: ಕೆಡವುವುದು ನಾವೇ. ಸುತ್ತಿಗೆ ಹೊಡೆತಕ್ಕೆ ಕೆಡವಿದ ಮನೆಯಲ್ಲಿ ಹೆಂಚು ಪುಡಿ, ಪಕಾಸು ಸೀಳು. ಮೇಲಿಂದ ಒಂದೊಂದಾಗಿ ಬಿಚ್ಚಿದರೆ ಹೆಚ್ಚಿನದು ಉಳಿಯುತ್ತದೆ.

ಬಿಚ್ಚಿದ್ದನ್ನು ಆರಿಸುವ ಕೆಲಸದಲ್ಲಿ ಆಚಾರಿಯವರು ಹೇಳಿದ್ದೇ ಕೊನೆ ಮಾತು. ಅವರು ಪ್ರತಿ ಪಕಾಸನ್ನೂ ಎರಡು ತುದಿಯಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದರು. ಮರ ಹಾಳಾಗುವುದು ಮೊದಲು ಅಲ್ಲೇ, ಗೋಡೆಯೊಳಗೆ ಹೂತಿದ್ದ ತುದಿಯಲ್ಲಿ ಮತ್ತು ಸೂರಿನಲ್ಲಿ ಮಳೆ ತಾಗುವ ತುದಿಯಲ್ಲಿ. ಲೋಹ ಸುಲಭವಾಗಿ ಒಳಗೆ ಹೋದರೆ ಅಲ್ಲಿವರೆಗೆ ಕೊಯ್ದು ತೆಗೆಯುವುದು. ಆಮೇಲೆ ನೆಲದ ಮೇಲೆ ಅಡ್ಡ ಹಾಕಿ ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗುವುದು. ಒಳಗೆ ಗೆದ್ದಲು ತಿಂದಿದ್ದರೆ ಸದ್ದು ಮೊಂಡಾಗುತ್ತದೆ. ಹೀಗೆ ನೋಡಿದಾಗ ಹಲಸು ಮತ್ತು ಮತ್ತಿಯ ತುಂಡುಗಳು ಚೆನ್ನಾಗಿ ಉಳಿದಿದ್ದವು. ಮಧ್ಯೆ ಯಾವಾಗಲೋ ರಿಪೇರಿಗೆ ಹಾಕಿದ್ದ ಸಿಲ್ವರ್ ಓಕ್ ತುಂಡುಗಳು ಹೋಗಿದ್ದವು. ಮರದಲ್ಲಿ ಉಳಿದ ಮೊಳೆ ತೆಗೆಯುವುದು ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಒಂದು ಮೊಳೆ ಉಳಿದರೂ ಮೆಷಿನ್ನಿನ ಗರಗಸ ಹಾಳಾಗುತ್ತದೆ. ರೈಟ್ರಣ್ಣ ಸಂಜೆ ಕೆಲಸ ಮುಗಿಸಿ ಬಂದು ಇಕ್ಕಳ ಹಿಡಿದು ಕೂರುತ್ತಿದ್ದರು. ಹಾಗೆ ಕೂತ ಸಂಜೆಗಳ ಕೂಲಿ 9.5 ಲಕ್ಷದ ಲೆಕ್ಕದಲ್ಲಿ ಸೇರಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಹಳೆ ಸಾಮಾನಿಗೆ ದುಡ್ಡು ಕಡಿಮೆ, ಸಮಯ ಜಾಸ್ತಿ. ಎರಡೂ ಇಲ್ಲದವರಿಗೆ ಈ ದಾರಿ ಆಗುವುದಿಲ್ಲ.

ಇನ್ನೊಂದು ಎಚ್ಚರ. ಕೊಡಗಿನಲ್ಲಿ ಮರದ ವಿಷಯ ಸೂಕ್ಷ್ಮ. ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದದ್ದು), ಅನ್‌ರಿಡೀಮ್ಡ್ (ಹಾಗೆ ಕಟ್ಟದೆ ಇರುವುದು) ಜಾಗ ಅಂತ ಮರದ ಹಕ್ಕಿನಲ್ಲೇ ವ್ಯತ್ಯಾಸ ಇದೆ. ಹಳೆ ಮನೆಯ ಮರ ಆದರೂ ಲಾರಿಗೆ ಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಎಲ್ಲಿಂದ ಎಲ್ಲಿಗೆ ಅನ್ನುವ ಕಾಗದ ಇಟ್ಟುಕೊಳ್ಳುವುದು ಒಳ್ಳೆಯದು. ತೇಗ, ಬೀಟೆ ಇದ್ದರಂತೂ ಕೇಳದೆ ಮುಟ್ಟಲೇಬಾರದು.

ಹೆಂಚಿನ ವಿಷಯಕ್ಕೆ ಬರೋಣ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ ನಮ್ಮ ಮಾಡುಗಳ, ಅಂದರೆ ಛಾವಣಿಗಳ, ರೂಪವೇ ಬದಲಾಯಿತು. ಅದಕ್ಕೆ ಮೊದಲು ಇಲ್ಲಿ ಹುಲ್ಲಿನ ಮಾಡೇ ಹೆಚ್ಚು. ಕೊಡವ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳಿಗೂ ಹುಲ್ಲು ಹೊದಿಸುತ್ತಿದ್ದರು. ಈಗ ಆ ಹೆಂಚಿನ ಕಾರ್ಖಾನೆಗಳೇ ಒಂದೊಂದಾಗಿ ಮುಚ್ಚುತ್ತಿವೆ. ಹಾಗಾಗಿ ಹಳೆ ಹೆಂಚಿಗೆ ಬೆಲೆ ಇದೆ. ಆರಿಸುವ ಕ್ರಮ ಹೀಗೆ: ಹೆಂಚನ್ನು ಒಂದು ಕೈಯಲ್ಲಿ ತೂಗುಹಾಕಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು. ಚೆನ್ನಾಗಿ ಬೆಂದ ಹೆಂಚು ಟಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಒಡೆಯುತ್ತದೆ. ಅಂಥದ್ದು ಪಕ್ಕಕ್ಕೆ. ಉಳಿದದ್ದನ್ನು ನೀರಲ್ಲಿ ನೆನೆಸಿ, ತೆಂಗಿನ ನಾರಿನ ಬ್ರಷ್‌ನಿಂದ ಪಾಚಿ ಉಜ್ಜಿ, ಒಂದರೊಳಗೊಂದು ಕೂರುವ ಕಚ್ಚಿನಲ್ಲಿ ಸಿಕ್ಕಿಕೊಂಡ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯಬೇಕು. ನೀರು ಸೋರುವುದು ಆ ಕಚ್ಚು ಕಟ್ಟಿಕೊಂಡಾಗಲೇ. ಒಡೆದ ಹೆಂಚೂ ಹಾಳಾಗಲಿಲ್ಲ. ನೆಲದ ಅಡಿಗೆ ತುಂಬಲು ಬಂತು.

ಮಣ್ಣು

ಅಡಿಪಾಯದ ಮಣ್ಣೇ ಗೋಡೆಗೆ ಬರುತ್ತದೆ ಅನ್ನುವುದು ನಿಜ. ಆದರೆ ಪರೀಕ್ಷೆ ಮಾಡದೆ ನಂಬಬಾರದು. ಪರೀಕ್ಷೆಗೆ ಬೇಕಾದದ್ದು ನೇರ ಬದಿಯ ಒಂದು ಗಾಜಿನ ಬಾಟಲಿ ಅಷ್ಟೆ. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಅಲುಗಾಡಿಸದೆ ಇಡಬೇಕು. ಮರಳು ಕ್ಷಣದಲ್ಲಿ ತಳಕ್ಕೆ ಕೂರುತ್ತದೆ. ಅದರ ಮೇಲೆ ನುಣುಪು ಹೂಳು. ಎಲ್ಲಕ್ಕಿಂತ ಕೊನೆಗೆ, ಮರುದಿನದ ಹೊತ್ತಿಗೆ, ಜೇಡಿ. ಪದರಗಳನ್ನು ಸ್ಕೇಲ್ ಇಟ್ಟು ಅಳೆದರೆ ಪಾಲು ತಿಳಿಯುತ್ತದೆ. ಸಿಮೆಂಟ್ ಸೇರಿಸಿ ಒತ್ತುವ ಬ್ಲಾಕಿಗೆ ಜೇಡಿ 10ರಿಂದ 15 ಶೇಕಡ ಇದ್ದರೆ ಒಳ್ಳೆಯದು, ಮರಳು 65ಕ್ಕಿಂತ ಮೇಲೆ ಇರಬೇಕು. ಈ ಜಾಗದ ಮಣ್ಣಿನಲ್ಲಿ ಜೇಡಿ ಅದರ ಎರಡರಷ್ಟು ಕಾಣಿಸಿತು. ಕೊಡಗಿನ ಕೆಂಪು ಮಣ್ಣಿನಲ್ಲಿ ಇದು ಹೊಸದೇನಲ್ಲ. ಜೇಡಿ ಜಾಸ್ತಿ ಇದ್ದರೆ ಬ್ಲಾಕ್ ಒಣಗುವಾಗ ಕುಗ್ಗಿ ಬಿರಿಯುತ್ತದೆ, ಮಳೆಯಲ್ಲಿ ಮತ್ತೆ ಉಬ್ಬುತ್ತದೆ. ಹಾಗಾಗಿ ಮಣ್ಣಿನಷ್ಟೇ ಅಳತೆಯ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬೆರೆಸಬೇಕಾಯಿತು. ಗೋಡೆಯ ಖರ್ಚಿನಲ್ಲಿ ಸಿಮೆಂಟಿಗಿಂತ ಮರಳಿಗೆ ಹೋದದ್ದೇ ಜಾಸ್ತಿ.

ಈ ಬ್ಲಾಕಿನ ತಂತ್ರ ನಮ್ಮ ರಾಜ್ಯದಲ್ಲೇ ಬೆಳೆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಶುರು ಮಾಡಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೈಯಿಂದ ಒತ್ತುವ ‘ಮರ್ದಿನಿ’ ಯಂತ್ರ ಅಲ್ಲಿಂದಲೇ ಬಂತು. ನಾವು ಬಾಡಿಗೆಗೆ ತಂದದ್ದೂ ಅದೇ ತರಹದ ಕೈಯಂತ್ರ. ಕರೆಂಟ್ ಬೇಡ. ಒಬ್ಬರು ಮಣ್ಣು ತೂಗಿ ಹಾಕಬೇಕು, ಇಬ್ಬರು ಸನ್ನೆಕೋಲು ಒತ್ತಬೇಕು, ಒಬ್ಬರು ಬ್ಲಾಕ್ ಹೊತ್ತು ಜೋಡಿಸಬೇಕು. ಒಂದು ಬ್ಲಾಕ್ 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರ. ತೂಕ 8 ಕಿಲೋ ದಾಟುತ್ತದೆ. ಶೇಕಡ 7ರಷ್ಟು ಸಿಮೆಂಟ್ ಹಾಕಿದರೆ 50 ಕಿಲೋದ ಒಂದು ಚೀಲಕ್ಕೆ ಸುಮಾರು 90 ಬ್ಲಾಕ್. ಹೊರಗೋಡೆಗೆ ಬೇಕಾದ 3000 ಬ್ಲಾಕಿಗೆ ಮೂವತ್ತೈದು ಚೀಲದೊಳಗೆ ಮುಗಿಯಿತು.

ಮಣ್ಣು ಅಳೆದು ಹಾಕುವುದಕ್ಕಿಂತ ತೂಗಿ ಹಾಕುವುದು ಮುಖ್ಯ. ಸಡಿಲ ಮಣ್ಣನ್ನು ಬುಟ್ಟಿಯಲ್ಲಿ ಅಳೆದರೆ ಒಂದೊಂದು ಸಲ ಒಂದೊಂದು ತೂಕ ಬರುತ್ತದೆ. ಕಡಿಮೆ ಬಿದ್ದ ಬ್ಲಾಕ್ ಒತ್ತುವಾಗ ಹಗುರ ಅನಿಸುತ್ತದೆ, ಆಳಿಗೆ ಖುಷಿ. ಆದರೆ ಮಳೆಯಲ್ಲಿ ಮೊದಲು ಕರಗುವುದು ಅದೇ. ಒತ್ತಿದ ಬ್ಲಾಕನ್ನು ನೆರಳಲ್ಲಿ ಜೋಡಿಸಿ, ಗೋಣಿ ಹೊದಿಸಿ, ಮೂರು ವಾರ ಒಣಗದ ಹಾಗೆ ನೀರು ಚಿಮುಕಿಸಬೇಕು. ಈ ಕೆಲಸವನ್ನು ಅಕ್ಕ ವಹಿಸಿಕೊಂಡರು. ಬೆಳಿಗ್ಗೆ ಅಂಗನವಾಡಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ. ವಾರ ಆದಮೇಲೆ ಒಂದೆರಡು ಬ್ಲಾಕನ್ನು ಒಂದು ದಿನ ಪೂರ್ತಿ ಬಕೆಟ್ ನೀರಲ್ಲಿ ಮುಳುಗಿಸಿಟ್ಟು, ತೆಗೆದು ಮೊಳೆಯಿಂದ ಗೀರಿ ನೋಡಿದೆವು. ಗೀರು ಬಿತ್ತು, ಅಂಚು ಉದುರಲಿಲ್ಲ. ನನಗೆ ಧೈರ್ಯ ಬಂದದ್ದು ಆಗ.

ಇಲ್ಲಿ ಕೊಡಗಿನದ್ದೇ ಆದ ಒಂದು ತೊಡಕು ಇದೆ. ಮಣ್ಣಿನ ಕೆಲಸಕ್ಕೆ ಒಣ ದಿನ ಬೇಕು. ಅಂದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದು ಏಪ್ರಿಲ್‌ವರೆಗೆ. ಕಾಫಿ ಕೊಯ್ಲೂ ಅದೇ ತಿಂಗಳುಗಳಲ್ಲಿ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಆಮೇಲೆ ಮಾರ್ಚ್‌ವರೆಗೆ. ಆಗ ಮನೆ ಕೆಲಸಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೊಯ್ಲಿನ ಕೂಲಿ ಕೇಳುತ್ತಾರೆ, ಕೇಳುವುದು ನ್ಯಾಯವೇ. ಹಾಗಾಗಿ ಬ್ಲಾಕ್ ಒತ್ತುವ ಕೆಲಸವನ್ನು ಎರಡು ಬೇಸಿಗೆಗೆ ಹಂಚಿದೆವು. ಮೊದಲ ಬೇಸಿಗೆಯಲ್ಲಿ ಅಡಿಪಾಯ, ಚರಂಡಿ, ಅರ್ಧ ಬ್ಲಾಕ್. ಒತ್ತಿದ್ದನ್ನೆಲ್ಲ ಶೀಟು ಮುಚ್ಚಿ ಮಳೆಗಾಲ ಕಳೆಸಿದ್ದಾಯಿತು. ಅಡಿಪಾಯವೂ ಒಂದು ಮಳೆಗಾಲ ಕಂಡು ಕೂತುಕೊಂಡಿತು. ಚರಂಡಿಯಲ್ಲಿ ನೀರು ಹೇಗೆ ಹರಿಯುತ್ತದೆ ಅನ್ನುವುದನ್ನೂ ಮನೆ ಏಳುವ ಮೊದಲೇ ನೋಡಿದ ಹಾಗಾಯಿತು. ತುರ್ತು ಇಲ್ಲದವರಿಗೆ ನಾನು ಈಗ ಹೀಗೇ ಹೇಳುವುದು: ಎರಡು ಬೇಸಿಗೆ ಇಟ್ಟುಕೊಳ್ಳಿ.

ಗೋಡೆ ಕಟ್ಟಿದ ಗಾರೆ ಸಿಮೆಂಟ್ ಒಂದು, ಜರಡಿ ಹಿಡಿದ ಮಣ್ಣು ಎರಡು, ಮರಳು ಆರು. ಬರೀ ಸಿಮೆಂಟ್ ಮರಳಿನ ಗಾರೆಗಿಂತ ಇದು ಬ್ಲಾಕಿಗೆ ಚೆನ್ನಾಗಿ ಹಿಡಿಯುತ್ತದೆ, ಮೇಸ್ತ್ರಿ ಕೈಗೂ ನುಣುಪು. ಒಳಗಿನ ಅಡ್ಡಗೋಡೆಗಳಿಗೆ ಸಿಮೆಂಟೇ ಇಲ್ಲ. ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ, ಮಣ್ಣಿನದೇ ಗಾರೆ, ಮೇಲೆ ಸುಣ್ಣ. ಕೊಡಗಿನ ಹಳೆ ಮನೆಗಳ ಗೋಡೆ ಹೀಗೇ ತಾನೇ ನಿಂತಿರುವುದು? ಮಳೆ ತಾಗದ ಜಾಗದಲ್ಲಿ ಮಣ್ಣಿಗೆ ಸಿಮೆಂಟ್ ಯಾಕೆ ಬೇಕು? ಪ್ರಪಂಚದಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಏಳೆಂಟು ಶೇಕಡ ಸಿಮೆಂಟ್ ಒಂದರಿಂದಲೇ ಬರುತ್ತದೆ. ಬೇಕಾದ ಕಡೆ ಹಾಕೋಣ, ಬೇಡದ ಕಡೆ ಸುಮ್ನೆ ಸುರಿಯುವುದು ಯಾಕೆ?

ಬೇಕಾದ ಕಡೆ ಹಾಕಿದೆವು. ಪಂಚಾಂಗದ ಮೇಲೆ ಸುತ್ತಲೂ ಒಂದು ಆರ್‌ಸಿಸಿ ಪಟ್ಟಿ, ಕಿಟಕಿಯ ಮೇಲೆ ಲಿಂಟಲ್ ಮಟ್ಟದಲ್ಲಿ ಇನ್ನೊಂದು. ನೆಲ ಸ್ವಲ್ಪ ಅಲುಗಿದರೂ ಗೋಡೆಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಪಂಚಾಂಗವನ್ನು ನೆಲದಿಂದ ಎರಡೂವರೆ ಅಡಿ ಕಲ್ಲಿನಲ್ಲೇ ಎತ್ತಿದ್ದು ಸೂರಿನಿಂದ ಬಿದ್ದು ಚಿಮ್ಮುವ ನೀರಿಗಾಗಿ. ಬಚ್ಚಲು, ಟಾಯ್ಲೆಟ್ ಮಾತ್ರ ಪೂರ್ತಿ ಕಾಂಕ್ರೀಟ್ ಬ್ಲಾಕ್, ಟೈಲ್ಸ್, ಮೇಲೆ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ನೀರಿನ ಟ್ಯಾಂಕ್. ಅದನ್ನು ಮನೆಗೆ ತಾಗಿಸಿ ಕಟ್ಟಿದರೂ ಗೋಡೆ ಬೇರೆ. ದಿನವೂ ನೀರು ಬೀಳುವ ಕಡೆ ಮಣ್ಣನ್ನು ನಿಲ್ಲಿಸಿ ಹಠ ಮಾಡುವುದರಲ್ಲಿ ಅರ್ಥ ಇಲ್ಲ.

ಮಾಡು

ಈ ಮನೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಮಾಡು. ಇಲ್ಲಿ ಮಳೆ ಬರೀ ಮೇಲಿಂದ ಬೀಳುವುದಿಲ್ಲ. ಜುಲೈನಲ್ಲಿ ನೈಋತ್ಯದ ಗಾಳಿ ಅದನ್ನು ಅಡ್ಡಕ್ಕೆ ಹೊಡೆಯುತ್ತದೆ. ಗೋಡೆಗೆ ಎಷ್ಟೇ ಬಣ್ಣ ಬಳಿದರೂ ಅಡ್ಡ ಮಳೆಗೆ ತಡೆ ಅಂದರೆ ಉದ್ದ ಸೂರು ಮತ್ತು ಜಗಲಿ. ಐನ್‌ಮನೆ ನೋಡಿದವರಿಗೆ ಇದು ಗೊತ್ತು. ಆಳವಾದ ಕಯ್ಯಾಲ (ಮುಂದಿನ ಜಗಲಿ), ಅದರಲ್ಲಿ ಕಂಬದಿಂದ ಕಂಬಕ್ಕೆ ಐಮರ (ಕೂರುವ ಅಗಲದ ಹಲಗೆ), ಗೋಡೆ ಇರುವುದು ಅದರ ಹಿಂದೆ. ಮಳೆ ಒಳಗಿನ ಗೋಡೆ ತನಕ ಬರುವ ಹೊತ್ತಿಗೆ ಶಕ್ತಿ ಕಳೆದುಕೊಂಡಿರುತ್ತದೆ. ಅದೇ ಬುದ್ಧಿಯನ್ನು ಇಲ್ಲಿ ಸಣ್ಣ ಅಳತೆಯಲ್ಲಿ ತಂದೆವು. ಪಡುವಣಕ್ಕೆ ಉದ್ದಕ್ಕೂ ಜಗಲಿ. ಹಳೆ ಮನೆಯಿಂದ ಬಂದ ಒಂದು ಅಗಲದ ಹಲಸಿನ ಹಲಗೆ ಈಗ ಅಲ್ಲಿ ಕೂರುವ ಜಾಗ. ಉಳಿದ ಮೂರು ಬದಿಗೂ ಸೂರು ಮೂರು ಅಡಿ ಹೊರಕ್ಕೆ ಚಾಚಿದೆ.

ಸೂರು ಚಾಚಿದಷ್ಟೂ ಹೆಂಚು, ಮರ ಜಾಸ್ತಿ ಬೇಕು. ನೆಲದ ಅಳತೆ 680 ಚದರ ಅಡಿ ಆದರೆ, ಸೂರು ಮತ್ತು 30 ಡಿಗ್ರಿ ಇಳಿಜಾರು ಸೇರಿ ಮಾಡಿನ ಅಳತೆ 1200 ದಾಟಿತು. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಸುಮಾರು 150 ಹೆಂಚು. ಒಟ್ಟು 1800 ಬೇಕಾಯಿತು, ಒಡೆಯುವುದಕ್ಕೆ ಅಂತ ಮೇಲೆ ಇನ್ನಷ್ಟು. ಇಷ್ಟು ಹೆಂಚಿನ ಭಾರವೇ ನಾಲ್ಕು ಟನ್ ಆಗುತ್ತದೆ, ಮಳೆಯಲ್ಲಿ ನೆನೆದಾಗ ಅದಕ್ಕಿಂತ ಜಾಸ್ತಿ. ಅದಕ್ಕೇ ಹಳೆ ಪಕಾಸುಗಳ ನಡುವಿನ ಅಂತರವನ್ನು ಆಚಾರಿಯವರು ಮೊದಲಿದ್ದದ್ದಕ್ಕಿಂತ ಕಡಿಮೆ ಮಾಡಿದರು. ಪಕಾಸಿಗೆ ಅಡ್ಡಲಾಗಿ ಹೊಡೆಯುವ, ಹೆಂಚು ಕೂರುವ ರೀಪು ಮಾತ್ರ ಹೊಸದು. ಹಳೆ ರೀಪು ಮೊಳೆ ತೂತುಗಳಿಂದ ಸೋತಿರುತ್ತದೆ, ಅದರಲ್ಲಿ ಉಳಿಸಲು ಹೋಗಬಾರದು. ಮರಕ್ಕೆಲ್ಲ ಗೇರೆಣ್ಣೆ ಬಳಿದರು. ಗೆದ್ದಲಿಗೆ ಅದು ಕರಾವಳಿಯವರ ಹಳೆ ಮದ್ದು. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗೆ ಗ್ಲೌಸ್ ಬೇಕೇ ಬೇಕು.

ನಡುಮನೆಯ ಮೇಲೆ ನಾಲ್ಕು ಗಾಜಿನ ಹೆಂಚು ಹಾಕಿದ್ದಾರೆ. ಮೋಡ ಕವಿದ ಆಷಾಢದ ಮಧ್ಯಾಹ್ನವೂ ದೀಪ ಹಾಕದೆ ಓದಬಹುದು. ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಒಂದು ಸೌದೆ ಒಲೆ ಇಟ್ಟುಕೊಂಡರು. ಅದರ ಬಿಸಿ, ಹೊಗೆ ಮಾಡಿನ ಮರವನ್ನು ಒಣಗಿಸಿಡುತ್ತದೆ, ಹುಳ ದೂರ ಇಡುತ್ತದೆ. ಅಟ್ಟದ ಮೇಲಿನ ಮೆಣಸು, ಬಟ್ಟೆಗೂ ಅದೇ ರಕ್ಷೆ.

ಹೊರಗೋಡೆಗೆ ಗಿಲಾವು ಇಲ್ಲ, ಸಂದು ಮಾತ್ರ ಒತ್ತಿ ನುಣುಪು ಮಾಡಿದ್ದು. ನೆಲ ರೆಡ್ ಆಕ್ಸೈಡ್. ಒಳಗೆ ಸುಣ್ಣ. ಇದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ನೆಲ ಹಾಕಲು ಕೈ ಪಳಗಿದ ಹಳೆ ಮೇಸ್ತ್ರಿ ಸಿಕ್ಕಿದ್ದು ಅದೃಷ್ಟ. ಆ ಕೆಲಸ ಗೊತ್ತಿರುವವರು ಈಗ ಕಡಿಮೆ.

ಲೆಕ್ಕ

ಒಟ್ಟು 9.5 ಲಕ್ಷದಲ್ಲಿ ಅಡಿಪಾಯ, ಪಂಚಾಂಗ, ಚರಂಡಿಗೆ 2.4 ಎಂದು ಆಗಲೇ ಹೇಳಿದೆ. ಮಾಡಿಗೆ 2.2 ಲಕ್ಷ, ಹಳೆ ಮರ, ಹೆಂಚು, ಆಚಾರಿ ಕೂಲಿ ಎಲ್ಲ ಸೇರಿ. ಬಚ್ಚಲು, ಇಂಗುಗುಂಡಿ, ಪೈಪು, ವೈರಿಂಗ್‌ಗೆ 1.9. ಗೋಡೆಗೆ 1.3. ನೆಲ ಮತ್ತು ಸುಣ್ಣಕ್ಕೆ 70 ಸಾವಿರ, ಬಾಗಿಲು ಕಿಟಕಿಗೆ 60 ಸಾವಿರ, ಲಾರಿ ಬಾಡಿಗೆ ಮತ್ತು ಚಿಲ್ಲರೆ 40 ಸಾವಿರ.

ಗೋಡೆ ಒಟ್ಟು ಖರ್ಚಿನ ಏಳನೇ ಒಂದು ಪಾಲು ಅಷ್ಟೇ. ಕಾಂಕ್ರೀಟ್ ಬ್ಲಾಕ್ ಕಟ್ಟಿ ಎರಡು ಬದಿ ಗಿಲಾವು ಮಾಡಿದ್ದರೆ ಅದಕ್ಕಿಂತ ಒಂದು ಲಕ್ಷ ಜಾಸ್ತಿ ಆಗುತ್ತಿತ್ತು. ಅಂದರೆ ಮಣ್ಣಿನಿಂದ ಉಳಿದದ್ದು ಒಂದು ಲಕ್ಷ. ಉಳಿದ ನಾಲ್ಕೂವರೆ ಲಕ್ಷ ಬಂದದ್ದು ಬೇರೆ ಕಡೆಯಿಂದ: ಸ್ಲ್ಯಾಬ್ ಇಲ್ಲ, ಹೊರಗೆ ಬಣ್ಣ ಇಲ್ಲ, ಗುಡ್ಡ ಕಡಿದಿಲ್ಲ, ಕಡಿದ ಗುಡ್ಡಕ್ಕೆ ತಡೆಗೋಡೆ ಬೇಕಾಗಲಿಲ್ಲ, ಬಾಗಿಲು ಕಿಟಕಿ ಹಳೆಯವು, ಗುತ್ತಿಗೆದಾರರ ಲಾಭಾಂಶ ಇಲ್ಲ, ಮನೆಯವರ ಸ್ವಂತ ದುಡಿಮೆ. ಹಾಗಾದರೆ ಮಣ್ಣು ಯಾಕೆ ಅಂತ ಕೇಳಬಹುದು. ಇದ್ದ ಮಣ್ಣನ್ನು ಬಳಸಿದ್ದರಿಂದ ಅದನ್ನು ಕೆಳಗಿನವರ ಜಾಗಕ್ಕೆ ತಳ್ಳಬೇಕಾಗಲಿಲ್ಲ. ಆಳು ಕಡಿಮೆ ಇದ್ದಾಗ ಮನೆಯವರೇ ಮಾಡಬಹುದಾದ ಕೆಲಸ ಅದು. ಒಂದು ಲಕ್ಷವೂ ಅವರಿಗೆ ಸಣ್ಣ ದುಡ್ಡಲ್ಲ. ಗೋಡೆ ಮಣ್ಣಿನದು ಅಂದಮೇಲೆ ಸೂರು ಉದ್ದ ಬೇಕು, ಪಂಚಾಂಗ ಎತ್ತರ ಬೇಕು, ಚರಂಡಿ ಬೇಕು ಅನ್ನುವ ಎಚ್ಚರ ಎಲ್ಲರಿಗೂ ತಾನಾಗಿ ಬಂತು. ಆ ಎಚ್ಚರ ಕಾಂಕ್ರೀಟ್ ಮನೆಗೂ ಬೇಕಾದದ್ದೇ, ಆದರೆ ಅಲ್ಲಿ ಬಿಟ್ಟುಬಿಡುತ್ತೇವೆ ಅಲ್ವಾ?

ಮಳೆ ಕಂಡ ಮೇಲೆ

ಮೊದಲ ಮಳೆಗಾಲದಲ್ಲಿ ಗೋಡೆ ಎಲ್ಲೂ ಕರಗಲಿಲ್ಲ. ತೊಂದರೆ ಕಂಡದ್ದು ಮೂರು ಕಡೆ. ಬಚ್ಚಲಿನ ಸ್ಲ್ಯಾಬ್ ಮತ್ತು ಹೆಂಚಿನ ಮಾಡು ಸೇರುವ ಜಾಗದಲ್ಲಿ ನೀರು ಒಳಗೆ ಬಂತು. ಎರಡು ತರಹದ ಕೆಲಸ ಕೂಡುವ ಕಡೆ ಯಾವಾಗಲೂ ಹೀಗೇ. ಅಲ್ಲಿಗೆ ತಗಡು ಬಗ್ಗಿಸಿ ಗೋಡೆಯೊಳಗೆ ಕೂರಿಸಿದ ಮೇಲೆ ನಿಂತಿತು. ಹಿಂಬದಿಯ ಒಂದು ಮೂಲೆಯಲ್ಲಿ ಸೂರಿನ ನೀರು ಕಲ್ಲಿಗೆ ಬಿದ್ದು ಪಂಚಾಂಗಕ್ಕಿಂತ ಮೇಲಕ್ಕೂ ಚಿಮ್ಮುತ್ತಿತ್ತು. ಕೆಳಗಿನ ಎರಡು ಸಾಲು ಬ್ಲಾಕ್ ಸದಾ ಒದ್ದೆ. ಕಲ್ಲು ತೆಗೆದು ಅಲ್ಲಿ ಜಲ್ಲಿ ತುಂಬಿದರು, ಜಲ್ಲಿಗೆ ಬಿದ್ದ ನೀರು ಚಿಮ್ಮುವುದಿಲ್ಲ. ಮೂರನೆಯದು ಗೆದ್ದಲು. ಮಳೆ ಬಿಟ್ಟ ಮೇಲೆ ಪಂಚಾಂಗದ ಕಲ್ಲಿನ ಮೇಲೆ ಮಣ್ಣಿನ ಗೆರೆ ಏರುತ್ತಾ ಬಂದಿತ್ತು. ಪಂಚಾಂಗ ಎತ್ತರ ಇದ್ದದ್ದರಿಂದ ಕಣ್ಣಿಗೆ ಬಿತ್ತು, ಅಲ್ಲೇ ಕೆರೆದು ಮದ್ದು ಹಾಕಿದರು. ಗೋಡೆಗೆ ಒರಗಿಸಿ ಸೌದೆ ಜೋಡಿಸುವುದನ್ನು ಅಕ್ಕ ಅವತ್ತೇ ನಿಲ್ಲಿಸಿದರು.

ಬೂಷ್ಟಿನ ಕಾಟ ಈ ಮನೆಗೂ ಇದೆ. ಮಣ್ಣಿನ ಮನೆಯಲ್ಲಿ ಬೂಷ್ಟು ಬರುವುದೇ ಇಲ್ಲ ಎಂದು ಹೇಳುವವರ ಮಾತು ಕೊಡಗಿಗೆ ಹೊಂದುವುದಿಲ್ಲ. ಕ್ವಾರ್ಟರ್ಸ್‌ಗಿಂತ ಕಡಿಮೆ ಅಂತ ಅಕ್ಕ ಹೇಳುತ್ತಾರೆ. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತದೆ, ಸ್ಲ್ಯಾಬ್ ಬೆವರುವ ಹಾಗೆ ಹೆಂಚು ಬೆವರುವುದಿಲ್ಲ. ಆದರೆ ಅದೇ ಸಂದಿನಿಂದ ಡಿಸೆಂಬರ್‌ನ ಚಳಿಯೂ ಬರುತ್ತದೆ. ಕೋತಿಗಳು ಮಾಡಿನ ಮೇಲೆ ಓಡಿ ಹೆಂಚು ಸರಿಸುತ್ತವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೇಲೆ ಹತ್ತಿ ಒಡೆದದ್ದು ಬದಲಿಸಬೇಕು, ಸೇರಿದ ಎಲೆ ಗುಡಿಸಬೇಕು, ಚರಂಡಿಯ ಹೂಳು ಎತ್ತಬೇಕು. ಬೀಗ ಹಾಕಿ ಬೆಂಗಳೂರಿಗೆ ಹೋಗಿ ವರ್ಷಕ್ಕೊಮ್ಮೆ ಬಂದು ನೋಡುವವರಿಗೆ ಇಂಥ ಮನೆ ಕಟ್ಟಿಕೊಡಲು ನಾನು ಒಪ್ಪುವುದಿಲ್ಲ. ಇನ್ನೂ ಜಾಸ್ತಿ ಮಳೆ ಬೀಳುವ ಭಾಗಮಂಡಲದ ಕಡೆ ಕಟ್ಟುವುದಾದರೆ ಜಗಲಿಯನ್ನು ಎರಡು ಬದಿಗೆ ತರುತ್ತೇನೆ, ಪಂಚಾಂಗವನ್ನು ಮೂರೂವರೆ ಅಡಿಗೆ ಏರಿಸುತ್ತೇನೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಇಷ್ಟೆಲ್ಲ ಬೇಡ.

ಮಗಳ ಓದು ಮುಗಿದಿದೆ. ಅವಳಿಗೆ ಇನ್ನೊಂದು ಕೋಣೆ ಬೇಕು ಎಂದು ಈಗ ಮಾತು ನಡೆಯುತ್ತಿದೆ. ಹಿಂಬದಿಗೆ ಸೇರಿಸಿದರೆ ಚರಂಡಿ ಸರಿಸಿ ಬರೆ ಕಡಿಯಬೇಕಾಗುತ್ತದೆ, ಅದು ಆಗದು ಅಂತ ಹೇಳಿದ್ದೇನೆ. ಬಡಗು ಬದಿಯಲ್ಲಿ ಉದ್ದಕ್ಕೆ 12 ಅಡಿ ಮುಂದುವರಿಸಬಹುದು, ಮಾಡಿನ ನೆತ್ತಿಯೂ ನೇರ ಹೋಗುತ್ತದೆ. ಉಳಿದ ಹೆಂಚು ಬಚ್ಚಲಿನ ಹಿಂದೆ ಜೋಡಿಸಿಟ್ಟಿದ್ದಾರೆ. ಪಕಾಸು ಸಾಲದು. ಸೋಮವಾರಪೇಟೆ ಕಡೆ ಇನ್ನೊಂದು ಹಳೆ ಮನೆ ಬಿಚ್ಚುತ್ತಾರಂತೆ. ಕೊಯ್ಲು ಮುಗಿದ ಮೇಲೆ ಆಚಾರಿಯವರನ್ನು ಕರೆದುಕೊಂಡು ಹೋಗಿ ಮರ ನೋಡಬೇಕು, ಕೋಣೆಯ ಅಳತೆ ಆಮೇಲೆ.